ಫೋನಕ್ಕ ಮಾತು ಬಿಟ್ಟ ದಿನಗಳು

ಊರೂರು ಸುತ್ತುವ ಗಾಡಿಗಳನ್ನು ಮಾರುವ ಮನೆ ಅದು. ಆದರೆ ಆ ಮನೆಯವರು ಮಾತ್ರ ಒಂದು ದಿನವೂ ಎಲ್ಲಿಗೂ ಹೋದವರಲ್ಲ. ಹೆದ್ದಾರಿಯ ಪಕ್ಕ ತಗಡಿನ ಕಮಾನು, ಅದರ ಒಳಗೆ ಜಲ್ಲಿ ಹಾಸಿದ ಅಂಗಳ, ಅಂಗಳದ ತುಂಬ ಸಾಲಾಗಿ ನಿಂತ ಕ್ಯಾರವಾನುಗಳು. ಮಂಚ, ಒಲೆ, ಸಿಂಕು, ಸ್ನಾನದ ಮೂಲೆ ಎಲ್ಲವನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡ ಗಾಡಿಗಳು. ಮನೆಯವರ ಬಾಯಲ್ಲಿ ಬರೀ ‘ಮನೆಗಾಡಿ’. ಅಂಗಳದ ಹಿಂದೆ ಆಫೀಸು. ಆಫೀಸಿನ ಹಿಂಬಾಗಿಲು ತೆರೆದರೆ ನೇರ ಅಡುಗೆಮನೆ.

ಮಾವ ಲಾರಿಗಳಿಗೆ ಬಾಡಿ ಕಟ್ಟುತ್ತಿದ್ದವರು, ಮೈಮುರಿದು ದುಡಿದು ಈ ಅಂಗಳ ಮಾಡಿದರು. ಗಾಡಿ ಕೊಳ್ಳುವುದು, ಬೆಲೆ ಕಟ್ಟುವುದು ಈಗಲೂ ಅವರದೇ. ಮಗನಿಗೆ ಜಾಹೀರಾತಿನ ಹುಚ್ಚು. ವೀಡಿಯೊ ಮಾಡುವುದು, ಪೋಸ್ಟರು ಬರೆಸುವುದು, ಬಂದ ಗಿರಾಕಿಯನ್ನು ಗಾಡಿಯ ಒಳಗೆ ಕೂರಿಸಿ, ಕಿಟಕಿಯ ಆಚೆ ಕಾಣದ ಬೆಟ್ಟವನ್ನೂ ಕಾಣಿಸಿಬಿಡುವುದು, ಇದೆಲ್ಲದರಲ್ಲಿ ಅವನದು ಎತ್ತಿದ ಕೈ. ಗಾಡಿ ಮಾರಾಟವಾದ ಮೇಲಿನದೆಲ್ಲ ಸೊಸೆಯ ಪಾಲು. ನೀರಿನ ಪಂಪು ಕೂಗುತ್ತಿದೆ, ಫ್ರಿಜ್ಜು ತಣ್ಣಗಾಗುತ್ತಿಲ್ಲ, ಮಡಚುವ ಮಂಚ ಮಡಚಿದ್ದು ಬಿಚ್ಚುತ್ತಿಲ್ಲ ಎಂದು ದಿನವಿಡೀ ಬರುವ ಫೋನುಗಳನ್ನು ಎತ್ತುವವಳು ಅವಳು. ಮದುವೆಯಾಗಿ ಬಂದ ಹೊಸದರಲ್ಲಿ ‘ಸ್ವಲ್ಪ ಫೋನ್ ನೋಡ್ಕೋತಿಯಾ’ ಎಂದು ಕೂರಿಸಿದ ಕುರ್ಚಿಯಿಂದ ಅವಳು ಇನ್ನೂ ಎದ್ದಿರಲಿಲ್ಲ. ಅವಳ ಮಗಳು ಆಗಲೇ ಕಾಲೇಜಿಗೆ ಹೋಗುತ್ತಿದ್ದಳು. ಷೆಡ್ಡಿನಲ್ಲಿ ರಿಪೇರಿ ಮಾಡುವ ಮೇಸ್ತ್ರಿ ಅವಳಿಗೆ ಇಟ್ಟ ಹೆಸರು ಫೋನಕ್ಕ. ಗಿರಾಕಿಗಳೂ ಹಾಗೇ ಕರೆಯುತ್ತಿದ್ದರು.

ಬೇಸಿಗೆ ರಜೆ ಶುರುವಾಗುವ ಹೊತ್ತಿಗೆ ಒಬ್ಬ ಗಿರಾಕಿ ಬೆಳಬೆಳಗ್ಗೆ ಫೋನಿನಲ್ಲಿ ರೇಗಿಬಿದ್ದ.

“ಇವತ್ತೇ ಬರಬೇಕಮ್ಮ ನಿಮ್ಮವರು. ನಾಳೆ ಅಂದ್ರೆ ನಾನು ಕೇಳಲ್ಲ.”

“ಸರ್, ಅಷ್ಟು ದೂರಕ್ಕೆ ಇವತ್ತೇ ಹೇಗೆ...”

“ನಿಮ್ಮ ಜಾಹೀರಾತಲ್ಲೇ ಹೇಳಿದ್ದೀರಲ್ಲ. ಓದ್ಲಾ? ‘ನೀವೆಲ್ಲಿ ನಿಂತರೂ ಅದೇ ದಿನ ನಾವಲ್ಲಿ.’”

ಅವಳು ಮೊಬೈಲು ತೆಗೆದು ನೋಡಿದಳು. ಅವಳ ಮಗಳೇ ಮನೆಗಾಡಿಯ ಕಿಟಕಿಯಲ್ಲಿ ಕೈಯಲ್ಲೊಂದು ಲೋಟ ಹಿಡಿದು ನಗುತ್ತಿದ್ದಳು. ಹಿಂದೆ ಸಂಗೀತ. ಕೆಳಗೆ ಹಳದಿ ಅಕ್ಷರದಲ್ಲಿ ಆ ಮಾತು. ಅದರ ಕೆಳಗೆ ಇವಳು ಎತ್ತುವ ಆಫೀಸ್ ಫೋನಿನ ನಂಬರು.

ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ಅವಳು ಗಂಡನ ತಟ್ಟೆಗೆ ಬಡಿಸುತ್ತ ಕೇಳಿದಳು. “ರೀ, ಯಾರನ್ನ ಕೇಳಿ ಹಾಕಿದ್ರಿ ಅದನ್ನ?”

“ಯಾವುದನ್ನ?”

“ಅದೇ ದಿನ ಬರ್ತೀವಿ ಅನ್ನೋದನ್ನ.”

“ಓ, ಅದಾ! ಚೆನ್ನಾಗಿದೆ ಅಲ್ವಾ? ಎರಡೇ ದಿನದಲ್ಲಿ ಎಷ್ಟು ಜನ ನೋಡಿದಾರೆ ಗೊತ್ತಾ?”

“ನೋಡಿದವರೆಲ್ಲ ನನಗೇ ಫೋನ್ ಮಾಡ್ತಿದಾರೆ. ಷೆಡ್ಡಲ್ಲಿ ಇರೋದು ಮೇಸ್ತ್ರಿ ಒಬ್ಬರು, ಅವರ ಜೊತೆಗೆ ಇನ್ನೊಬ್ಬ. ಇವರು ಎಷ್ಟು ಕಡೆ ಹೋಗ್ತಾರೆ?”

“ಎಲ್ಲರ ಗಾಡೀನೂ ಒಂದೇ ದಿನ ಕೆಡುತ್ತಾ? ಸುಮ್ನೆ ಹೆದರಿಸ್ತೀಯ. ಮೊದಲು ಗಾಡಿ ಹೋಗ್ಲಿ. ಆಮೇಲೆ ಏನಾದ್ರೂ ಆದ್ರೆ ನೀನಿದ್ದೀಯಲ್ಲ, ಸಮಾಧಾನ ಮಾಡೋಕೆ.”

“ಬೈಸ್ಕೊಳ್ಳೋಕೆ ಅನ್ನಿ.”

“ಊಟದ ಹೊತ್ತಲ್ಲಿ ಬೇಡ,” ಎಂದರು ಮಾವ ತಟ್ಟೆಯಿಂದ ತಲೆ ಎತ್ತದೆ. “ಗಾಡಿ ಹೋಗ್ತಿದೆ ತಾನೆ? ಹೋಗ್ಲಿ ಬಿಡು.”

“ಮಾವ, ಹೋಗೋದು ಮುಖ್ಯ ಅಲ್ಲ, ಹೋದ್ಮೇಲೆ...” ಎಂದಳು ಅವಳು. ಅಷ್ಟಕ್ಕೇ ಗಂಟಲಿನಿಂದ ಬರೀ ಗಾಳಿ ಬಂತು. ಕೆಮ್ಮಿದಳು, ನೀರು ಕುಡಿದಳು, ಮತ್ತೆ ಬಾಯಿ ತೆರೆದಳು. ಸ್ವರ ಹೊರಡಲಿಲ್ಲ. ಎರಡು ತಿಂಗಳಿಂದ ಗಂಟಲು ಒಡೆದುಹೋಗಿತ್ತು. ಬಿಸಿನೀರು ಕುಡಿದರೆ ಸರಿಹೋಗುತ್ತದೆ ಎಂದು ಅವಳೂ ಸುಮ್ಮನಿದ್ದಳು, ಮನೆಯವರೂ ಸುಮ್ಮನಿದ್ದರು.

ಮಾರನೇ ದಿನ ಗಂಡ, ಮಗಳು ಸೇರಿ ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ತೆಳ್ಳನೆಯ ಕೊಳವೆಯಲ್ಲಿ ಒಳಗೆ ನೋಡಿ, ಕೈ ತೊಳೆದುಕೊಂಡು ಬಂದು ಕೇಳಿದರು. “ಏನು ಕೆಲಸ ಮಾಡ್ತೀರಿ?”

ಗಂಡನೇ ಹೇಳಿದ. “ಕಸ್ಟಮರ್ ಕೇರ್ ಡಾಕ್ಟ್ರೇ. ನಮ್ಮ ಗಾಡಿ ತಗೊಂಡವರ ಕಷ್ಟಸುಖ ಕೇಳ್ತಾಳೆ.”

“ಬರೀ ಕೇಳಿದ್ರೆ ಗಂಟಲು ಹೀಗಾಗಲ್ಲ,” ಎಂದರು ಡಾಕ್ಟರು. ಸ್ವರ ಹೊರಡುವ ಎಳೆಗಳ ಮೇಲೆ ಗಂಟು ಎದ್ದಿದೆ. ಮೂರು ವಾರ ತುಟಿ ಪಿಟಕ್ ಅನ್ನಬಾರದು. ಪಿಸುಮಾತು ಕೂಡ ಬೇಡ, ಪಿಸುಗುಟ್ಟಿದರೆ ಇನ್ನೂ ಕೆಡುತ್ತದೆ. ಗಂಟು ತಾನಾಗಿ ಕರಗಿದರೆ ಸರಿ, ಇಲ್ಲದಿದ್ದರೆ ಕತ್ತರಿ ಹಾಕಬೇಕು. ಕತ್ತರಿ ಹಾಕಿದ ಮೇಲೆ ಹಳೇ ಸ್ವರವೇ ಬರುತ್ತದೆ ಅಂತ ಹೇಳುವ ಹಾಗಿಲ್ಲ.

“ಹಾಗಾದ್ರೆ ಫೋನು ಯಾರು ಎತ್ತೋದು?” ಎಂದ ಗಂಡ.

“ನಿಮಗೂ ಬಾಯಿದೆಯಲ್ಲ,” ಎಂದರು ಡಾಕ್ಟರು. ಮಗಳು ನಗು ತಡೆಯಲು ಗೋಡೆ ಕಡೆ ತಿರುಗಿದಳು.

ಮನೆಗೆ ಬಂದ ಮೇಲೆ ಫೋನು ಯಾರು ಎತ್ತಬೇಕು ಎಂದು ಸಭೆ ಸೇರಿತು. ಮಾವನಿಗೆ ಎಡಗಿವಿ ಮಂದ. ಅತ್ತೆ ತರಕಾರಿ ಹೆಚ್ಚುತ್ತಲೇ ಹೇಳಿಬಿಟ್ಟರು. “ನಂಗೆ ಬೇಡಪ್ಪ. ಅವರು ಬೈದ್ರೆ ನಾನೂ ಬೈತೀನಿ.”

“ಅಜ್ಜಿ ಎತ್ತಿದ್ರೆ ನಾಳೆಯಿಂದ ಯಾರೂ ಫೋನೇ ಮಾಡಲ್ಲ. ಒಳ್ಳೇದೇ ಅಲ್ವಾ?” ಎಂದಳು ಮಗಳು.

“ನಾನೇ ನೋಡ್ಕೋತೀನಿ,” ಎಂದ ಗಂಡ. “ಏನು ಮಹಾ? ಮಾತಾಡೋದು ತಾನೆ, ನಂಗೇನು ಹೊಸದಾ?”

ಮಾರನೇ ಬೆಳಗ್ಗೆ ಅವನು ಫೋನಿನ ಮುಂದೆ ಕೂರುವ ಮೊದಲು ತಲೆ ಬಾಚಿಕೊಂಡ, ಫೋನಿನಲ್ಲಿ ಮುಖ ಕಾಣುತ್ತದೆಯೋ ಎನ್ನುವ ಹಾಗೆ. ಸೊಸೆ ಪಕ್ಕದ ಮೇಜಿನಲ್ಲಿ ಕೂತು ಬಿಡಿಭಾಗಗಳ ಪೊಟ್ಟಣಗಳಿಗೆ ಚೀಟಿ ಅಂಟಿಸುತ್ತಿದ್ದಳು. ಗಂಡನ ದನಿ ಬೆಣ್ಣೆಯ ಹಾಗಿತ್ತು. “ಅಯ್ಯೋ, ಖಂಡಿತ ಮೇಡಂ.” “ನಾಳೇನೇ ಸರ್, ನಾಳೆ ಅಂದ್ರೆ ನಾಳೆ.” “ಆ ಮೋಟ್ರು ತಾನೆ? ನಮ್ಮತ್ರ ಇದೆ, ಕೈಯಲ್ಲೇ ಇದೆ ಅಂದ್ಕೊಳ್ಳಿ.”

ಅವಳು ಮೊಬೈಲಿನಲ್ಲಿ ಬರೆದು ಅವನ ಮೂಗಿನ ಮುಂದೆ ಹಿಡಿದಳು: ‘ಆ ಮೋಟ್ರು ಇಲ್ಲ. ತರಿಸೋಕೆ ಒಂದು ತಿಂಗಳು ಬೇಕು.’ ಅವನು ಕೈಬೀಸಿ ಸುಮ್ಮನಿರು ಎಂದು ಸನ್ನೆ ಮಾಡಿದ. ಫೋನಿಟ್ಟ ಮೇಲೆ ಅವಳ ಕಡೆ ತಿರುಗಿ ನಕ್ಕ. “ನೋಡಿದ್ಯಾ? ಎಲ್ಲರೂ ಖುಷಿಯಾಗಿ ಫೋನ್ ಇಟ್ರು. ನೀನು ಸುಮ್ನೆ ಅವರ ಜೊತೆ ಗುದ್ದಾಡ್ತಿದ್ದೆ.”

ಅವಳು ಗುದ್ದಾಡುತ್ತಿದ್ದುದು ನಿಜ. ಆಗುವುದನ್ನು ಆಗುತ್ತದೆ, ಆಗದ್ದನ್ನು ಆಗುವುದಿಲ್ಲ ಎಂದು ಹೇಳಿ, ಬೈಸಿಕೊಂಡು, ಮತ್ತೆ ಅದನ್ನೇ ಹೇಳಿ, ಕೊನೆಗೆ ಅವರೇ ‘ಸರಿ ಫೋನಕ್ಕ, ನೀನು ಹೇಳಿದ ದಿನವೇ ಕಳಿಸು’ ಎನ್ನುವವರೆಗೆ. ಗಂಟಲು ಹೋದದ್ದು ಅದರಲ್ಲೇ. ಆದರೆ ಅದನ್ನೆಲ್ಲ ಮೊಬೈಲಿನಲ್ಲಿ ಎಲ್ಲಿ ಬರೆಯುವುದು? ಅವಳು ಚೀಟಿ ಅಂಟಿಸಿದಳು.

ಮಧ್ಯಾಹ್ನ ಮೇಸ್ತ್ರಿ ಎಣ್ಣೆಗೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತ. ಗಂಡ ಚಡ್ಡಿ ಹಾಕುತ್ತಿದ್ದ ಕಾಲದಿಂದ ಇರುವವನು, ಅವನಿಗೆ ಯಾರ ದಾಕ್ಷಿಣ್ಯವೂ ಇಲ್ಲ. “ಚಿಕ್ಕ ಯಜಮಾನ, ನಾಳೆ ನಾನು ಎಷ್ಟು ಊರಲ್ಲಿ ಇರ್ತೀನಿ ಅಂತ ಹೇಳ್ಬಿಡಪ್ಪ. ನನ್ನನ್ನ ಕತ್ತರಿಸಿ ಹಂಚಬೇಕಾಗುತ್ತೆ.”

“ಹೇಗೋ ನೋಡು ಮೇಸ್ತ್ರಿ.”

“ಹೇಗೋ ಅನ್ನೋ ಊರಿಗೆ ದಾರಿ ಗೊತ್ತಿಲ್ಲ ನಂಗೆ,” ಎಂದು ಅವನು ಹೊರಟುಹೋದ.

ಮಾತಿಲ್ಲದವಳ ಹತ್ತಿರ ಜನ ಹೇಗೆ ಮಾತಾಡುತ್ತಾರೆ ಎಂಬುದು ಆ ದಿನಗಳಲ್ಲಿ ಅವಳಿಗೆ ಗೊತ್ತಾಯಿತು. ಎದುರು ಮಾತು ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಒಬ್ಬೊಬ್ಬರಾಗಿ ಬಂದು ಮನಸ್ಸು ಬಿಚ್ಚತೊಡಗಿದರು. ಮಗಳು ಬಟ್ಟೆ ಒಣಹಾಕುತ್ತ ಹೇಳಿದಳು. “ಅಮ್ಮ, ಇನ್ಮೇಲೆ ನಾನು ಅಪ್ಪನ ವೀಡಿಯೊದಲ್ಲಿ ಬರಲ್ಲ. ಕ್ಲಾಸಲ್ಲೆಲ್ಲ ನನ್ನನ್ನ ‘ಅದೇ ದಿನ’ ಅಂತ ಕರೀತಾರೆ. ಮೊದಲೇ ಹೇಳ್ಬೇಕು ಅಂದ್ಕೊಂಡೆ, ಆದ್ರೆ ನೀನು ‘ಅಪ್ಪನ್ನ ಕೇಳು’ ಅಂದು ಫೋನ್ ಎತ್ತಿಬಿಡ್ತಿದ್ದೆ.” ಸೊಸೆ ಒದ್ದೆ ಕೈಯಲ್ಲೇ ಮಗಳ ಕೆನ್ನೆ ಹಿಡಿದಳು.

ಅತ್ತೆಯ ಮಾತು ಬಂದದ್ದು ಬೇಳೆ ಆರಿಸುವಾಗ. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಮೊರದ ಎರಡು ಕಡೆ ಕೂತಿದ್ದರು.

“ನಿಂಗೊಂದು ವಿಷಯ ಹೇಳ್ಲಾ? ನೀನು ಸೊಕ್ಕಿನವಳು ಅಂತ ನಾನು ಬಹಳ ದಿನ ಅಂದ್ಕೊಂಡಿದ್ದೆ.”

ಸೊಸೆ ತಲೆ ಎತ್ತಿದಳು.

“ಹಾಗೆ ನೋಡ್ಬೇಡ. ಬೆಳಗಿಂದ ಸಂಜೆ ತನಕ ಆ ಬಾಗಿಲ ಹಿಂದೆ ನಿನ್ನ ದನಿ ಕೇಳ್ತಿತ್ತು. ಯಾರಿಗೋ ‘ಊಟ ಆಯ್ತಾ, ಮಕ್ಕಳು ಹೇಗಿದಾರೆ, ಹುಷಾರಾಗಿ ಹೋಗಿ’ ಅಂತ. ಎಷ್ಟು ಅಕ್ಕರೆ! ಬಾಗಿಲು ದಾಟಿ ಈ ಕಡೆ ಬಂದ್ರೆ ನನ್ನತ್ರ ಬರೀ ‘ಹೂಂ’, ‘ಊಹೂಂ’. ಊರಿಗೆಲ್ಲ ಹಂಚಿ ನಮಗೆ ಪಾತ್ರೆ ತಳದ್ದು.” ಅತ್ತೆ ಒಂದು ಕಲ್ಲು ಹೆಕ್ಕಿ ಎಸೆದರು. “ಈಗ ಅರ್ಥವಾಯ್ತು. ಇದ್ದಿದ್ದೇ ಅಷ್ಟು ಅಂತ. ಮುಗಿದುಹೋಗ್ತಿತ್ತು, ಅಲ್ವಾ?”

ಸೊಸೆ ಹೌದೆಂದು ತಲೆಯಾಡಿಸಿದಳು. ಕಣ್ಣು ತುಂಬಿ ಬಂತು. ಅತ್ತೆ ನೋಡಿಯೂ ನೋಡದವರ ಹಾಗೆ, “ಸರಿ ಸರಿ, ಬೇಳೆ ನೋಡು, ಹಲ್ಲಿಗೆ ಕಲ್ಲು ಸಿಕ್ಕಿದ್ರೆ ನಿಮ್ಮ ಮಾವ ಕುಣೀತಾರೆ,” ಎಂದರು.

ಎರಡನೇ ವಾರದಲ್ಲಿ ಒಬ್ಬ ನರ್ಸಮ್ಮನ ಫೋನು ಮೇಲಿಂದ ಮೇಲೆ ಬರತೊಡಗಿತು. ಸೊಸೆಗೆ ಅವಳ ನೆನಪು ಚೆನ್ನಾಗಿತ್ತು. ಆಸ್ಪತ್ರೆಯ ಕೆಲಸ ಮುಗಿಸಿ ನೇರ ಬಂದು, ಗಾಡಿಯ ಬಣ್ಣ ನೋಡದೆ, ಬೆಲೆ ಕೇಳದೆ, ಬಾಗಿಲಲ್ಲಿ ನಿಂತು ಎರಡೂ ಕೈ ಚಾಚಿ ಅಗಲ ಅಳೆದಿದ್ದಳು. ಅವಳ ಅಪ್ಪನಿಗೆ ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋಗಿತ್ತು. ಗಾಲಿಕುರ್ಚಿ ಒಳಗೆ ಹೋಗಬೇಕು, ಅಪ್ಪನಿಗೆ ಒಂದು ಸಲ ದೊಡ್ಡ ಕೆರೆ ತೋರಿಸಬೇಕು, ಅಷ್ಟೇ ಅವಳ ಆಸೆ. ಕೈ ಬದಲಾದ ಹಳೇ ಗಾಡಿಯೊಂದನ್ನು ಕೊಂಡಿದ್ದಳು. ಈಗ ಅದರ ಛಾವಣಿಯ ಗಾಳಿಕಿಂಡಿಯಲ್ಲಿ ನೀರು ಜಿನುಗುತ್ತಿತ್ತು, ಕೆಳಗೆ ಸರಿಯಾಗಿ ಮಂಚ.

“ನಾಳೆ ಕಳಿಸ್ತೀನಿ ಮೇಡಂ,” ಎಂದ ಗಂಡ. ನಾಳೆ ಬಂತು, ಮೇಸ್ತ್ರಿ ಇನ್ನೊಂದು ಊರಲ್ಲಿದ್ದ. “ನಾಡಿದ್ದು, ನನ್ನ ಮಾತು.” ಆಮೇಲೆ ಅವಳಿಗೆ ಸಿಕ್ಕ ರಜೆಯೇ ಶುರುವಾಯಿತು. “ನೀವು ಧೈರ್ಯವಾಗಿ ಹೊರಡಿ ಮೇಡಂ. ಈ ಬಿಸಿಲಲ್ಲಿ ಮಳೆ ಎಲ್ಲಿಂದ ಬರುತ್ತೆ? ಬಂದ್ರೂ ನಾವಿಲ್ವಾ, ನೀವೆಲ್ಲಿ ನಿಂತರೂ ಬರ್ತೀವಿ.”

ಸೊಸೆ ಬರೆದು ತೋರಿಸಿದಳು: ‘ಮೇಸ್ತ್ರಿಗೆ ಹೇಳಿದ್ರಾ?’ ಅವನು ಹೇಳಿದ್ದೇನೆ ಎಂದು ತಲೆಯಾಡಿಸಿದ. ಹೇಳಿರಲಿಲ್ಲ.

ಮಳೆ ಶನಿವಾರ ರಾತ್ರಿಯಿಡೀ ಹೊಡೆಯಿತು. ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಫೋನು ಬಂತು. ಅನ್ನ ಕಲಸಿದ ಕೈಯಾದ್ದರಿಂದ ಗಂಡ ಎಡಗೈ ಬೆರಳಲ್ಲಿ ಒತ್ತಿ ಸ್ಪೀಕರಿಗೆ ಹಾಕಿದ. ನರ್ಸಮ್ಮನ ದನಿ ಇಡೀ ಊಟದ ಮನೆಗೆ ಕೇಳಿಸಿತು. ಅವಳು ಕೂಗಾಡಲಿಲ್ಲ.

“ನಾವು ಕೆರೆ ಹತ್ತಿರ ನಿಂತಿದೀವಿ. ಹಾಸಿಗೆ ಎಲ್ಲ ಒದ್ದೆ. ಅಪ್ಪನ್ನ ಒಬ್ಬಳೇ ಎತ್ತಿ ಕುರ್ಚೀಲಿ ಕೂರಿಸಿ, ರಾತ್ರಿಯೆಲ್ಲ ಕೊಡೆ ಹಿಡ್ಕೊಂಡು ನಿಂತಿದ್ದೆ. ಈಗ ಜ್ವರ ಬಂದಿದೆ. ಬೆಳಗಿಂದ ನಿಮಗೆ ಫೋನ್ ಮಾಡ್ತಿದೀನಿ, ನೀವು ಎತ್ತಲಿಲ್ಲ.”

“ಮೇಡಂ, ಅದು... ಈಗಲೇ, ಇನ್ನೊಂದು ಗಂಟೇಲಿ...”

“ಬೇಡ. ಗಂಟೆ ಹೇಳ್ಬೇಡಿ. ಬರೋಕಾಗಲ್ಲ ಅಂತ ಮೊದಲೇ ಹೇಳಿದ್ರೆ ನಾನು ಹೊರಡ್ತಾನೇ ಇರಲಿಲ್ಲ. ಅಷ್ಟು ಹೇಳೋಕೆ ಏನು ಕಷ್ಟ ಇತ್ತು ನಿಮಗೆ?” ಅವಳು ಮತ್ತೆ ಕೇಳಿದಳು. “ಮೊದಲು ಫೋನಲ್ಲಿ ಒಬ್ಬರು ಅಕ್ಕ ಇದ್ರಲ್ಲ, ಅವರು ಕೆಲಸ ಬಿಟ್ರಾ? ಅವರಾಗಿದ್ರೆ ಹೇಳ್ತಿದ್ರು.”

ಸೊಸೆಯ ಬಾಯಿ ತನಗೆ ತಾನೇ ತೆರೆದುಕೊಂಡಿತು. ಅತ್ತೆ ಪಕ್ಕದಲ್ಲೇ ಇದ್ದರು. ಸರಕ್ಕನೆ ತಮ್ಮ ಅಂಗೈಯನ್ನು ಅವಳ ಬಾಯಿಗೆ ಒತ್ತಿ ಹಿಡಿದರು. “ಉಸಿರೆತ್ತಿದ್ರೆ ನೋಡು,” ಎಂದರು ಕಿವಿಯಲ್ಲಿ. “ಇದು ನಿನ್ನ ಬಾಯಿಂದ ಹೋದ ಮಾತಲ್ಲ.”

ಫೋನು ನಿಂತಿತು. ಗಂಡ ಕಲಸಿದ ಅನ್ನ ನೋಡುತ್ತ ಕೂತ. ಸೊಸೆ ಅತ್ತೆಯ ಕೈ ಬಿಡಿಸಿಕೊಂಡು ಎದ್ದಳು, ಗಂಡನ ಮುಂದಿದ್ದ ತಟ್ಟೆಯನ್ನು ಎತ್ತಿ ಸಿಂಕಿನಲ್ಲಿಟ್ಟಳು, ಗೋಡೆಯ ಮೊಳೆಯಿಂದ ಪಿಕಪ್ಪಿನ ಕೀ ತೆಗೆದು ತಟ್ಟೆಯಿದ್ದ ಜಾಗದಲ್ಲಿ ಇಟ್ಟಳು.

“ಏಳು,” ಎಂದರು ಮಾವ ಮಗನಿಗೆ.

ಮೇಸ್ತ್ರಿಯ ಮನೆ ಎರಡು ಬೀದಿ ಆಚೆ. ಭಾನುವಾರದ ನಿದ್ದೆಯಿಂದ ಎದ್ದುಬಂದ ಅವನು ವಿಷಯ ಕೇಳಿ, ಬೈಯಲು ತೆರೆದ ಬಾಯನ್ನು ಮುಚ್ಚಿಕೊಂಡ. “ಬರ್ತೀನಿ. ಆದ್ರೆ ಛಾವಣಿ ಹತ್ತೋದು ನೀನು. ಏಣಿ ಹಿಡಿಯೋದು ನಾನು,” ಎಂದ. ಏಣಿ, ಟಾರ್ಪಾಲು, ಅಂಟು, ಒಣ ಕಂಬಳಿ ತುಂಬಿಕೊಂಡು ಇಬ್ಬರೂ ಹೊರಟರು.

ಅವರು ಹೋದ ಮೇಲೆ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಂಗಳದ ಕಡೆ ನೋಡಿದರು. “ಅಲ್ಲ, ಕಿಂಡಿಗೆ ಅಂಟು ಹಾಕಿದ್ರೆ ಹಾಸಿಗೆ ಒಣಗುತ್ತಾ? ಆ ಮುದುಕರು ಇವತ್ತು ಎಲ್ಲಿ ಮಲಗ್ತಾರೆ? ಅದೋ, ಆ ಹೊಸ ಗಾಡಿ ಕಳಿಸಿ.”

“ಯಾವುದು?” ಎಂದರು ಮಾವ, ಗೊತ್ತಿದ್ದೂ. ಅಂಗಳದ ನಡುವೆ ಪ್ಲಾಸ್ಟಿಕ್ಕು ಕೂಡ ಬಿಚ್ಚದೆ ನಿಲ್ಲಿಸಿದ ಗಾಡಿಯೊಂದಿತ್ತು. ಮುಂದಿನ ತಿಂಗಳ ವಾಹನ ಮೇಳದಲ್ಲಿ ಇಡಲು ತರಿಸಿದ್ದು. “ಅದು ಮೇಳಕ್ಕೆ ಕಣೇ. ಒಂದು ರಾತ್ರಿ ಒಬ್ಬರು ಮಲಗಿ ಎದ್ರೆ ಹಳೇದಾಯ್ತು ಅಂತ ಲೆಕ್ಕ.”

“ನಾವೂ ಹಳಬರಾಗಿದೀವಿ. ನಮ್ಮನ್ನ ಯಾರಾದ್ರೂ ಎಸೆದ್ರಾ?”

“ಅದಕ್ಕೂ ಇದಕ್ಕೂ ಏನೇ ಸಂಬಂಧ?”

“ನಿಮ್ಮ ಮಗ ಆ ಹುಡುಗಿಗೆ ಮಾತು ಕೊಟ್ಟ. ಅವನ ಮಾತಿಗೆ ಬೆಲೆ ಇಲ್ಲ ಅಂತ ಅವಳು ಎಲ್ಲರ ಎದುರಿಗೇ ಹೇಳಿದ್ಳು. ನಾನು ಹೆತ್ತೋಳು, ನಂಗೆ ಅದು ಕೇಳೋಕೆ ಚೆನ್ನಾಗಿತ್ತು ಅಂದ್ಕೊಂಡ್ರಾ?” ಅತ್ತೆ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡರು. “ಗಾಡಿ ತೆಗೀರಿ. ನಾನೂ ಬರ್ತೀನಿ.”

“ನೀನಾ? ನಿಂಗೆ ಗಾಡಿ ಹತ್ತಿದ್ರೆ ವಾಂತಿ.”

“ಮಾಡ್ಕೋತೀನಿ. ದಾರೀಲಿ ನೀವು ಮನಸ್ಸು ಬದಲಾಯಿಸಿ ವಾಪಸ್ ತಿರುಗಿಸಿದ್ರೆ? ಪಕ್ಕದಲ್ಲಿ ಯಾರಾದ್ರೂ ಬೇಡ್ವಾ?”

ಸೊಸೆ, ಮೊಮ್ಮಗಳು ಸೇರಿ ಪ್ಲಾಸ್ಟಿಕ್ಕು ಹರಿದು ತೆಗೆದರು, ಮನೆಯ ಮಂಚದ ಹಾಸಿಗೆಯನ್ನೇ ಸುತ್ತಿ ಒಳಗೆ ಹಾಕಿದರು, ಫ್ಲಾಸ್ಕಿನಲ್ಲಿ ಬಿಸಿ ಗಂಜಿ ತುಂಬಿದರು. ಅತ್ತೆ ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಮುಂದಿನ ಸೀಟಿನಲ್ಲಿ ಕೂತು, ಯುದ್ಧಕ್ಕೆ ಹೊರಟವರ ಹಾಗೆ ನೇರ ನೋಡುತ್ತ ಹೋದರು.

ಸಂಜೆ ಅಂಗಳದ ದೀಪಗಳು ಹತ್ತಿಕೊಳ್ಳುವಾಗ ಸೊಸೆಯ ಮೊಬೈಲು ಬಡಿಯಿತು. ಗಂಡ.

“ನಾನು. ನೀನು ಮಾತಾಡ್ಬೇಡ. ಬರೀ ಕೇಳ್ಕೋ.” ಅವನು ಒಮ್ಮೆ ಕೆಮ್ಮಿದ. “ಇದೀಯಾ?”

ಅವಳು ಉಗುರಿನಿಂದ ಫೋನಿನ ಬೆನ್ನಿಗೆ ತಟ್ಟಿದಳು.

“ಅದೇನು ಸದ್ದು? ಓ... ಸರಿ. ಒಂದು ಸಲ ತಟ್ಟಿದ್ರೆ ಹೂಂ, ಎರಡು ಸಲ ತಟ್ಟಿದ್ರೆ ಊಹೂಂ. ಆಯ್ತಾ?”

ಒಂದು ಸಲ.

“ಅಪ್ಪ ಅಮ್ಮ ಬಂದು ಮುಟ್ಟಿದ್ರು. ಅಮ್ಮನಿಗೆ ದಾರಿ ಉದ್ದಕ್ಕೂ ವಾಂತಿ. ಆದ್ರೂ ಇಳಿದ ತಕ್ಷಣ ಗಂಜಿ ಬಿಸಿ ಮಾಡಿ ಕೊಟ್ರು. ಮುದುಕರನ್ನ ನಾನು, ಮೇಸ್ತ್ರಿ ಇಬ್ರೂ ಎತ್ತಿ ಆ ಗಾಡಿಗೆ ಹಾಕಿದ್ವಿ. ಜ್ವರ ಇಳೀತಿದೆ ಅಂತೆ. ಮಾತು ತಡವರಿಸುತ್ತೆ ಅವರಿಗೆ. ‘ಮನೆ ಒಳಗೇ ಮಳೆ ನೋಡಿದ್ದು ಇದೇ ಮೊದಲು’ ಅಂದ್ರು. ಎಲ್ಲರೂ ನಕ್ರು. ಅವರ ಮಗಳು ನಗಲಿಲ್ಲ. ನನ್ನ ಮುಖ ಕೂಡ ನೋಡಲಿಲ್ಲ. ಗಾಡಿ ಬೇಕಾದಷ್ಟು ದಿನ ಇಟ್ಕೊಳ್ಳಿ ಅಂದೆ. ‘ರಜೆ ಮುಗಿಯೋ ದಿನ ತಂದುಬಿಡ್ತೀನಿ, ನಾನು ಹೇಳಿದ ದಿನ ಬರ್ತೀನಿ’ ಅಂದ್ಳು. ಅಷ್ಟೇ.”

ಅವಳು ಕಿವಿಗೆ ಇನ್ನೂ ಒತ್ತಿ ಹಿಡಿದಳು. ಆ ಕಡೆ ಯಾವುದೋ ಹಕ್ಕಿ ಕೂಗುತ್ತಿತ್ತು, ಮೇಸ್ತ್ರಿ ಏಣಿ ಎಳೆಯುವ ಸದ್ದು ಕೇಳುತ್ತಿತ್ತು.

“ನಾನು ಆಕೆಗೆ ಸುಳ್ಳು ಹೇಳಿದ್ದೆ ಕಣೇ. ಹೇಳೋವಾಗ ಸುಳ್ಳು ಅಂತ ಅನ್ನಿಸಲೇ ಇಲ್ಲ. ಖುಷಿಪಡಿಸ್ತಿದೀನಿ ಅನ್ನಿಸ್ತಿತ್ತು.” ಏಣಿಯ ಸದ್ದು ನಿಂತಿತು. “ನಿಂಗೂ ಹಾಗೇ ಹೇಳ್ತಿದ್ನಾ ನಾನು?”

ಅವಳು ಯೋಚಿಸಿದಳು. ಬೇಗ ಉತ್ತರ ಕೊಡುವ ಅವಸರ ಅವಳಿಗಿರಲಿಲ್ಲ. ಆಮೇಲೆ ಒಂದು ಸಲ ತಟ್ಟಿದಳು.

ಆ ಕಡೆ ಅವನು ನಾಲ್ಕು ಹೆಜ್ಜೆ ನಡೆದ ಸದ್ದು ಕೇಳಿಸಿತು. “ಊಟ ಮಾಡಿದ್ಯಾ?”

ಎರಡು ಸಲ.

“ಮಾಡು. ಇಡ್ತೀನಿ,” ಎಂದ. ಆದರೆ ಅವನು ಇಡಲಿಲ್ಲ. ಅವಳೂ ಇಡಲಿಲ್ಲ.

ಮಾರನೇ ದಿನ ಬಂದವನೇ ಅವನು ಮೊದಲು ಮಾಡಿದ್ದು ಆ ವೀಡಿಯೊ ತೆಗೆದುಹಾಕಿದ್ದು. ಅದು ಸುಲಭವಾಗಿತ್ತು. ಅಲ್ಲಿಯವರೆಗೆ ನಾಳೆ, ನಾಡಿದ್ದು ಎಂದು ಹೇಳಿದವರಿಗೆಲ್ಲ ಒಬ್ಬೊಬ್ಬರಾಗಿ ಫೋನು ಮಾಡಿ ನಿಜವಾದ ದಿನ ಹೇಳುವುದು ಕಷ್ಟವಾಯಿತು. ದಿನ ಯಾವುದೆಂದು ಹೇಳುವವನು ಮೇಸ್ತ್ರಿ. ಅವನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಬೆರಳು ಮಡಚುತ್ತ, “ಊಹೂಂ, ಮುಂದಿನ ವಾರ” ಎನ್ನುತ್ತಿದ್ದ. ಗಂಡ ಬೆವರುತ್ತ ಅದನ್ನೇ ಫೋನಿಗೆ ಹೇಳುತ್ತಿದ್ದ. ಒಬ್ಬ ಮುಂಗಡ ವಾಪಸ್ ಕೇಳಿದ. ಇನ್ನೊಬ್ಬಳು ಅವನ ವಂಶವನ್ನೆಲ್ಲ ಜಾಲಾಡಿದಳು. ಅವನು ಹಲ್ಲು ಕಚ್ಚಿಕೊಂಡು ಕೇಳಿ, ಕೊನೆಗೆ, “ನೀವು ಹೇಳೋದು ಸರಿ ಅಮ್ಮ, ಆದ್ರೂ ಗುರುವಾರಕ್ಕೆ ಮುಂಚೆ ಆಗಲ್ಲ,” ಎಂದ. ಫೋನಿಟ್ಟು ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡ. ಸೊಸೆ ಎದ್ದುಹೋಗಿ ಅವನಿಗೊಂದು ಲೋಟ ನೀರು ತಂದಿಟ್ಟಳು.

ಆ ತಿಂಗಳು ಗಾಡಿಗಳು ಕಡಿಮೆ ಹೋದವು. ಮಾವ ಸಂಜೆಯಾದರೆ ಅಂಗಳದಲ್ಲಿ ಕೈ ಹಿಂದೆ ಕಟ್ಟಿಕೊಂಡು ಅಡ್ಡಾಡುತ್ತ ಗೊಣಗುತ್ತಿದ್ದರು. “ನಿಜ ಹೇಳ್ಕೊಂಡು ವ್ಯಾಪಾರ ಮಾಡೋಕೆ ಹೋಗಿ ಅಂಗಳದಲ್ಲಿ ಹುಲ್ಲು ಬೆಳೀತಿದೆ.” ಅತ್ತೆ ಒಳಗಿನಿಂದಲೇ ಉತ್ತರ ಕೊಡುತ್ತಿದ್ದರು. “ಬೆಳೆದ್ರೆ ಕಿತ್ತು ಹಾಕಿ. ಹೇಗಿದ್ರೂ ಖಾಲಿ ಇದೀರಲ್ಲ.”

ನರ್ಸಮ್ಮ ಹೇಳಿದ ದಿನವೇ ಹೊಸ ಗಾಡಿ ತಂದಳು. ಒಳಗೆ ಒರೆಸಿ, ಹಾಸಿಗೆ ಮಡಚಿ, ಫ್ಲಾಸ್ಕು ತೊಳೆದು ಇಟ್ಟಿದ್ದಳು. ಮೇಸ್ತ್ರಿ ಷೆಡ್ಡಿಗೆ ತಂದು ಸರಿಮಾಡಿದ್ದ ತನ್ನ ಹಳೇ ಗಾಡಿಯನ್ನು ಮೇಲೆ ಹತ್ತಿ ತಾನೇ ನೀರು ಸುರಿದು ಪರೀಕ್ಷಿಸಿದಳು. ಹೋಗುವಾಗ ಸೊಸೆಯ ಹತ್ತಿರ ಬಂದು ನಿಂತಳು. “ಅಕ್ಕ, ಫೋನಲ್ಲಿ ಇದ್ದವರು ನೀವೇ ಅಲ್ವಾ? ನಿಮ್ಮ ಅತ್ತೆ ಎಲ್ಲ ಹೇಳಿದ್ರು. ಬಾಯಿ ತೆಗೀಬೇಡಿ. ಆ ಗಂಟಲಿಗೆ ಆವಿ ತಗೊಳ್ಳಿ, ನೀರು ಜಾಸ್ತಿ ಕುಡೀರಿ.” ನರ್ಸಮ್ಮ ಅಂತರ್ಜಾಲದಲ್ಲಿ ಇವರ ಅಂಗಡಿಗೆ ಮೊದಲು ಕೊಟ್ಟಿದ್ದ ಒಂದು ನಕ್ಷತ್ರವನ್ನು ಆಮೇಲೆ ಮೂರು ಮಾಡಿದಳು. ಗಂಡ ಐದು ಕೊಡಿ ಎಂದು ಕೇಳಲಿಲ್ಲ.

ಮೇಳದಲ್ಲಿ ಅದೇ ಗಾಡಿಯನ್ನು ಇಟ್ಟರು. ‘ಒಬ್ಬರು ಒಂದು ವಾರ ಇದ್ದ ಗಾಡಿ, ಅದಕ್ಕೇ ಸ್ವಲ್ಪ ಕಡಿಮೆ ಬೆಲೆ’ ಎಂದು ಗಂಡ ಬೋರ್ಡು ಬರೆಸಿದ. ಮಗಳ ಚಿತ್ರ ಹಾಕಲಿಲ್ಲ. ಗಾಡಿ ಮೂರನೇ ದಿನಕ್ಕೆ ಹೋಯಿತು. ಮಾವನಿಗೆ ನಷ್ಟ ಕೈಕಚ್ಚಿತು, ಆದರೆ ಅವರು ಹೆದರಿದ್ದಷ್ಟಲ್ಲ.

ಮೇಳ ಮುಗಿದ ವಾರ ಡಾಕ್ಟರು ಮತ್ತೆ ಕೊಳವೆ ಹಾಕಿ ನೋಡಿದರು. ಗಡುವು ಮುಗಿದಿದ್ದರೂ ಗಂಟು ಪೂರ್ತಿ ಕರಗದೆ ಇನ್ನೂ ಸ್ವಲ್ಪ ದಿನ ಮೌನ ಮುಂದುವರಿದಿತ್ತು. ಈಗ ಕತ್ತರಿ ಬೇಡ ಎಂದರು. ಆದರೆ ದಿನಕ್ಕೆ ಸ್ವಲ್ಪವೇ ಮಾತು, ಅದೂ ಮೆತ್ತಗೆ. ಫೋನಿನ ಕೆಲಸ ಹಂಚಿಕೊಳ್ಳಬೇಕು. ಮೊದಲಿನ ಹಾಗೆ ಇಡೀ ದಿನ ಎಂದರೆ ಗಂಟು ಮತ್ತೆ ಎದ್ದುಬರುತ್ತದೆ.

“ಫೋನು ನಾನು ನೋಡ್ಕೋತೀನಿ ಡಾಕ್ಟ್ರೇ,” ಎಂದ ಗಂಡ. ಈ ಸಲ ಅವನ ದನಿಯಲ್ಲಿ ಬೆಣ್ಣೆ ಇರಲಿಲ್ಲ.

ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ಸಿಕ್ಕ ಸ್ವಲ್ಪ ಮಾತನ್ನು ಬಸ್ಸಿನಲ್ಲಿ ಖರ್ಚು ಮಾಡುವುದು ಅವಳಿಗೆ ಬೇಡವಾಗಿತ್ತು. ಮನೆಯಲ್ಲಿ ಎಲ್ಲರೂ ಕಾದಿದ್ದರು. ಮೇಸ್ತ್ರಿ ಕೂಡ ಕೈ ತೊಳೆದುಕೊಂಡು ಹಿಂಬಾಗಿಲಲ್ಲಿ ನಿಂತಿದ್ದ.

“ಅಮ್ಮ, ಏನಾದ್ರೂ ಹೇಳು,” ಎಂದಳು ಮಗಳು.

“ಅತ್ತೆ,” ಎಂದಳು ಅವಳು. ಹಳೇ ದನಿಯಲ್ಲ, ತಗ್ಗಿದ, ಸ್ವಲ್ಪ ಒರಟಾದ, ಹತ್ತಿರ ಇದ್ದವರಿಗೆ ಮಾತ್ರ ಕೇಳುವ ದನಿ. “ಅಡುಗೆ ಏನು ಮಾಡಿದ್ರಿ? ಹಸಿವು.” ಅತ್ತೆ ಮೂಗು ಒರೆಸಿಕೊಳ್ಳುತ್ತ ತಿರುಗಿ ಒಲೆ ಕಡೆ ಹೋದರು. ಮೇಸ್ತ್ರಿ, “ಆಯ್ತ್ಬಿಡು, ಫೋನಕ್ಕನಿಗೆ ಫೋನು ತಪ್ಪಿತು, ಇನ್ಮೇಲೆ ಬರೀ ಅಕ್ಕ,” ಎಂದು ಷೆಡ್ಡಿಗೆ ನಡೆದ.

ಅವಳು ಮೇಜಿನ ಈ ಕಡೆ ಕೂತು ಗಂಡನಿಗೆ ಎದುರಿನ ಕುರ್ಚಿ ತೋರಿಸಿದಳು. “ಕೂತ್ಕೊಳ್ಳಿ.”

ಅವನು ಕೂತ.

“ಅಂಗಡಿ ವಿಷಯ ನೀವು ಸರಿ ಮಾಡಿದ್ರಿ. ನಾನು ಹೇಳೋದು ಅದಲ್ಲ. ಎರಡು ತಿಂಗಳು ನನ್ನ ದನಿ ನಿಮ್ಮ ಕಣ್ಣೆದುರಿಗೇ ಹೋಗ್ತಿತ್ತು. ಪಕ್ಕದಲ್ಲಿ ಮಲಗ್ತಿದ್ರಿ. ಒಂದು ದಿನ ಕೇಳಲಿಲ್ಲ ನೀವು, ಏನಾಗಿದೆ ಅಂತ. ಆ ಜಾಹೀರಾತಿಗೆ ಯಾವ ಹಾಡು ಹಾಕಲಿ ಅಂತ ಮೂರು ಸಲ ಕೇಳಿದ್ರಿ.”

“ಏನು? ಕೊನೇದು ಕೇಳಿಸಲಿಲ್ಲ.”

“ಜೋರಾಗಿ ಹೇಳೋಕಾಗಲ್ಲ. ಹತ್ತಿರ ಬನ್ನಿ.”

ಅವನು ಕುರ್ಚಿಯನ್ನು ಮೇಜು ಸುತ್ತಿಸಿ ತಂದು ಅವಳ ಪಕ್ಕ ಹಾಕಿಕೊಂಡ. ಅವಳು ಮತ್ತೆ ಮೊದಲಿನಿಂದ ಶುರು ಮಾಡಿದಳು, ಒಂದೊಂದೇ ಮಾತು, ಮೆತ್ತಗೆ. ಒಳಗೆ ಮಾವ ಟಿವಿಯ ಸದ್ದು ಪೂರ್ತಿ ತಗ್ಗಿಸಿದರು. ಮಗಳು ಫ್ಯಾನು ಆರಿಸಿ, ಅಜ್ಜಿಯ ಜೊತೆ ಅಡುಗೆಮನೆಗೆ ಹೋಗಿ ಬಾಗಿಲು ಎಳೆದುಕೊಂಡಳು. ಗಂಡ ಕಿವಿಯನ್ನು ಅವಳ ಬಾಯಿಯ ಹತ್ತಿರ ಹಿಡಿದು, ಒಂದು ಮಾತೂ ತಪ್ಪಿಹೋಗದ ಹಾಗೆ ಬೈಸಿಕೊಳ್ಳುತ್ತ ಕೂತ.